ಜಾನ್ ಬಿಂಗಮ್ ತಿದ್ದಿ ಬರೆದ ಕರಡು

ನಮ್ಮ ಸಂವಿಧಾನದ 14ನೇ ವಿಧಿಯ ಆಸರೆ ಪಡೆಯದೆ, ಸರ್ಕಾರದ ಕ್ರಮವನ್ನು ಪ್ರಶ್ನಿಸುವ ರಿಟ್ ಅರ್ಜಿ ಬರೆಯುವ ವಕೀಲರು ಅಪರೂಪ. ಆ ವಿಧಿಯಲ್ಲಿರುವ ‘ಕಾನೂನುಗಳ ಸಮಾನ ರಕ್ಷಣೆ’ ಅಮೆರಿಕ ಸಂವಿಧಾನದ 14ನೇ ತಿದ್ದುಪಡಿಯಿಂದ ಬಂದದ್ದು. ಅಲ್ಲಿ ಅದನ್ನು ಬರೆದವರು ಒಹಾಯೋ ರಾಜ್ಯದ ಕ್ಯಾಡಿಜ್ ಎಂಬ ಸಣ್ಣ ಊರಿನ ವಕೀಲ ಜಾನ್ ಬಿಂಗಮ್.

1815ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಅವರು 1855ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಕೆಳಮನೆ ಸೇರಿದರು. ಲಿಂಕನ್ ಹತ್ಯೆಯ ಸಂಚುಗಾರರ ವಿಚಾರಣೆಯಲ್ಲಿ ಸರ್ಕಾರದ ಪರ ವಾದಿಸಿದರು. ಅವರ ಭಾಷಣಗಳನ್ನು ಇಂದು ಓದಲು ತಾಳ್ಮೆ ಬೇಕು. ಕರಡಿನ ಮಾತೇ ಬೇರೆ.

ಅಮೆರಿಕ ಸಂವಿಧಾನದ ಹಕ್ಕುಗಳ ಪಟ್ಟಿ (ಬಿಲ್ ಆಫ್ ರೈಟ್ಸ್) ಕೇಂದ್ರ ಸರ್ಕಾರವನ್ನಷ್ಟೇ ಹೊರತು ರಾಜ್ಯಗಳನ್ನು ಕಟ್ಟಿಹಾಕುವುದಿಲ್ಲ ಎಂದು 1833ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತ್ತು. ಅದನ್ನು ಸರಿಪಡಿಸಲು ಬಿಂಗಮ್ 1866ರ ಫೆಬ್ರವರಿಯಲ್ಲಿ ಸದನದ ಮುಂದಿಟ್ಟ ಕರಡು, ಸಮಾನ ರಕ್ಷಣೆಗಾಗಿ ಕಾನೂನು ಮಾಡುವ ಅಧಿಕಾರವನ್ನು ಕಾಂಗ್ರೆಸ್ಸಿಗೆ ಕೊಡುತ್ತಿತ್ತು. ಅವರದೇ ಪಕ್ಷದ ಹಾಚ್‌ಕಿಸ್ ತಕರಾರು ತೆಗೆದರು: ನಾಳೆ ಬಹುಮತ ಬದಲಾದರೆ ಈ ಹಕ್ಕುಗಳ ಗತಿಯೇನು? ಕರಡು ಮೂಲೆ ಸೇರಿತು. ಬಿಂಗಮ್ ವಾಕ್ಯದ ದಿಕ್ಕನ್ನೇ ತಿರುಗಿಸಿ ಬರೆದರು: ಯಾವ ರಾಜ್ಯವೂ ತನ್ನ ವ್ಯಾಪ್ತಿಯಲ್ಲಿರುವ ಯಾವ ವ್ಯಕ್ತಿಗೂ ಕಾನೂನುಗಳ ಸಮಾನ ರಕ್ಷಣೆಯನ್ನು ನಿರಾಕರಿಸುವಂತಿಲ್ಲ. ಹಕ್ಕು ಶಾಸಕಾಂಗದ ಮರ್ಜಿಯಿಂದ ಬಿಡುಗಡೆಯಾಗಿ ನ್ಯಾಯಾಲಯದ ಕೈಗೆ ಬಂತು. ನಮ್ಮ 14ನೇ ವಿಧಿಯೂ ಇದೇ ನಿಷೇಧದ ಅಚ್ಚಿನಲ್ಲಿದೆ.

1868ರಲ್ಲಿ ತಿದ್ದುಪಡಿ ಜಾರಿಗೆ ಬಂತು. 1873ರಲ್ಲಿ ‘ಕಸಾಯಿಖಾನೆ ಪ್ರಕರಣಗಳು’ ಎಂದು ಹೆಸರಾದ ಮೊಕದ್ದಮೆಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು, ಅದರಲ್ಲಿದ್ದ ಪೌರರ ವಿಶೇಷ ಹಕ್ಕುಗಳ ಭಾಗವನ್ನು ಹೆಚ್ಚುಕಡಿಮೆ ನಿರ್ಜೀವಗೊಳಿಸಿತು. ಅದೇ ವರ್ಷ ಬಿಂಗಮ್ ರಾಜತಾಂತ್ರಿಕರಾಗಿ ಜಪಾನಿಗೆ ಹೊರಟರು, 1885ರವರೆಗೂ ಅಲ್ಲಿದ್ದರು.

ಸಮಾನ ರಕ್ಷಣೆಯ ಭಾಗ ಮಾತ್ರ ಉಳಿದುಕೊಂಡಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮರದ ಕಟ್ಟಡದಲ್ಲಿ ಬಟ್ಟೆ ಒಗೆಯುವ ಅಂಗಡಿ ನಡೆಸಲು ಪರವಾನಗಿ ಬೇಕಿತ್ತು. ನಿಯಮದಲ್ಲಿ ಚೀನೀಯರ ಹೆಸರೇ ಇಲ್ಲ. ಆದರೆ ಸುಮಾರು 200 ಚೀನೀಯರ ಅರ್ಜಿಗಳು ತಿರಸ್ಕೃತವಾದವು, ಚೀನೀಯರಲ್ಲದ ಅರ್ಜಿದಾರರಲ್ಲಿ ಒಬ್ಬರನ್ನು ಬಿಟ್ಟು ಎಲ್ಲರಿಗೂ ಪರವಾನಗಿ ಸಿಕ್ಕಿತು. ಇಂಥ ಒಬ್ಬ ಚೀನೀ ಅಂಗಡಿಕಾರನ 1886ರ ಯಿಕ್ ವೋ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನು ತಾರತಮ್ಯವೆಂದಿತು. ಅರ್ಜಿದಾರ ಅಮೆರಿಕದ ಪೌರನಲ್ಲ ಎಂಬುದು ಅಡ್ಡಿಯಾಗಲಿಲ್ಲ. 1952ರ ಅನ್ವರ್ ಅಲಿ ಸರ್ಕಾರ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕೂಡ ಈ ತೀರ್ಪನ್ನು ಚರ್ಚಿಸಿದೆ.

ಪರವಾನಗಿ ನಿರಾಕರಣೆಯ ದೂರು ಹೊತ್ತು ಬರುವ ಕಕ್ಷಿದಾರರನ್ನು ನಾನು ಮೊದಲು ಕೇಳುವುದು ಆ ಚೀನೀಯರ ಬಳಿ ಇದ್ದಂಥದೇ ಲೆಕ್ಕವನ್ನು: ನಿಮ್ಮಂತೆಯೇ ಅರ್ಜಿ ಹಾಕಿದವರಲ್ಲಿ ಯಾರಿಗೆ ಸಿಕ್ಕಿದೆ, ಯಾರಿಗೆ ಸಿಕ್ಕಿಲ್ಲ? ಹೆಚ್ಚಿನವರು ನಿಯಮದ ಪ್ರತಿಯನ್ನಷ್ಟೇ ತಂದಿರುತ್ತಾರೆ.