ವಾಸನೆ ಜೋರಾದರೆ ತಿಗಣೆ ಸಾಯುತ್ತಾ?

ನುಸಿಗುಳಿಗೆಯ ಬಗ್ಗೆ ಇರುವ ದೊಡ್ಡ ತಪ್ಪು ಕಲ್ಪನೆ ಒಂದೇ: ಮೂಗಿಗೆ ಘಾಟು ಹೊಡೆದರೆ ಅದು ಕೆಲಸ ಮಾಡ್ತಿದೆ ಅಂತ ಅರ್ಥ.

ಮುಂಬೈಯ ಮಾಟುಂಗದಲ್ಲಿ ಹೋಟೆಲ್ ಹುಡುಗರು ಮಲಗುವ ಒಂದು ಕೋಣೆ ನೋಡಿದ್ದೆ. ಎರಡಂತಸ್ತಿನ ಕಬ್ಬಿಣದ ಮಂಚಗಳು. ಪ್ರತಿ ಕಾಲಿನ ಬುಡದಲ್ಲೂ ಬಿಳಿ ಗುಳಿಗೆ, ದಿಂಬಿನ ಕವರಿನೊಳಗೂ ಎರಡೆರಡು. ಮಂಚದ ಪೈಪು ಕೂಡುವ ಸಂದಿಗೆ ಟಾರ್ಚ್ ಹಿಡಿದರೆ, ಗುಳಿಗೆಯಿಂದ ಗೇಣು ದೂರದಲ್ಲೇ ತಿಗಣೆಗಳು ಆರಾಮಾಗಿ ಕೂತಿದ್ದವು. ಸುತ್ತ ಕಪ್ಪು ಚುಕ್ಕೆ, ಅಂಟಿಕೊಂಡ ಬಿಳಿ ಮೊಟ್ಟೆ. ಅಲ್ಲಿದ್ದ ಹುಡುಗ ಹೇಳಿದ್ದು: "ವಾಸ್ನೆ ಕಮ್ಮಿ ಆಗಿದೆ ಅಣ್ಣ, ಇನ್ನೊಂದು ಪ್ಯಾಕೆಟ್ ಡಾಂಬರ್ ಗೋಳಿ ತರ್ಬೇಕು."

ಈ ಗುಳಿಗೆಯಲ್ಲಿರುವ ನಾಫ್ತಲೀನ್ ಕರಗಿ ನೀರಾಗದೆ ನೇರ ಆವಿಯಾಗುತ್ತದೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಒಂದು ಪಾಲೂ ಇಲ್ಲದಾಗಲೇ ನಮ್ಮ ಮೂಗು ಅದನ್ನು ಹಿಡಿಯುತ್ತದೆ. ಆದರೆ 25 ಡಿಗ್ರಿಯಲ್ಲಿ ಗಾಳಿ ಸುಮಾರು 110 ಪಾಲಿನವರೆಗೆ ತುಂಬಿಕೊಳ್ಳಬಲ್ಲದು. ಬಟ್ಟೆ ತಿನ್ನುವ ನುಸಿಯ ಮರಿಗಳು ಸಾಯುವುದು ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ ಆವಿ ಹೀಗೆ ದಟ್ಟವಾಗಿ ಬಹಳ ದಿನ ನಿಂತಾಗ. ಮುಂಬೈಯ ಕೋಣೆಯಲ್ಲಿ ಫ್ಯಾನ್ ತಿರುಗುತ್ತಲೇ ಇರುತ್ತೆ, ಕಿಟಕಿ ತೆರೆದಿರುತ್ತೆ. ಗುಳಿಗೆ ಸವೆಯುವುದೋ ವಾರಗಟ್ಟಲೆ, ತಿಂಗಳುಗಟ್ಟಲೆ. ಸಣ್ಣಗೆ ಬರುವ ಚಾಳಿನ ನಲ್ಲಿಯ ಕೆಳಗೆ ತೂತು ಬಕೆಟ್ ಇಟ್ಟ ಹಾಗೆ: ನೀರು ಬರ್ತಾ ಇರುತ್ತೆ, ಬಕೆಟ್ ಮಾತ್ರ ತುಂಬಲ್ಲ.

ಹಾಗಾದರೆ ಕಿಟಕಿ ಮುಚ್ಚಿ ಇನ್ನಷ್ಟು ಗುಳಿಗೆ ಸುರಿಯೋಣ ಅಂತೀರಾ? ಆ ಗಾಳಿಯನ್ನು ಉಸಿರಾಡುವುದು ನೀವು. ಎಂಟು ಗಂಟೆಯ ಪಾಳಿಗೆ ಅಮೆರಿಕದ ಕಾರ್ಖಾನೆಗಳಲ್ಲಿರುವ ಮಿತಿಯೇ ಹತ್ತು ಲಕ್ಷಕ್ಕೆ ಬರೀ 10 ಪಾಲು. ಅದೂ ಆರೋಗ್ಯವಂತ ಕೆಲಸಗಾರರಿಗೆ, ದಿಂಬಿಗೆ ಮುಖ ಒತ್ತಿ ಮಲಗಿದವರಿಗಲ್ಲ. ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಇರುವ ವಸ್ತುಗಳ ಪಟ್ಟಿಗೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ನಾಫ್ತಲೀನನ್ನು 2002ರಲ್ಲಿ ಸೇರಿಸಿತು.

ನಾಫ್ತಲೀನ್ ಬಂದದ್ದು ಕಲ್ಲಿದ್ದಲ ಡಾಂಬರಿನಿಂದ, ಅದಕ್ಕೇ ಆ ಹುಡುಗನ ಬಾಯಲ್ಲಿ ಅದು ಡಾಂಬರ್ ಗೋಳಿ. 1821ರಲ್ಲಿ ಜಾನ್ ಕಿಡ್ ಎಂಬ ಇಂಗ್ಲಿಷ್ ವಿಜ್ಞಾನಿ ಇದಕ್ಕೆ ಹೆಸರಿಟ್ಟ. ಆಗ ಬೀದಿ ದೀಪಕ್ಕೆಂದು ಕಲ್ಲಿದ್ದಲು ಕಾಸಿ ಗ್ಯಾಸ್ ತೆಗೆಯುತ್ತಿದ್ದರು, ಉಳಿದ ಡಾಂಬರು ರಾಶಿ ಬೀಳುತ್ತಿತ್ತು. ಬೊಂಬಾಯಿಯ ರಸ್ತೆಗಳಿಗೂ 1860ರ ದಶಕದಲ್ಲಿ ಗ್ಯಾಸ್ ದೀಪ ಬಂತು. ಕಸದಿಂದ ಕಾಸು ಮಾಡುವ ಕಲೆ ರಸಾಯನ ಉದ್ಯಮಕ್ಕೆ ಸಿದ್ಧಿಸಿದ್ದು ಈ ಡಾಂಬರಿನಿಂದಲೇ. ಇರಲಿ.

ನನಗೆ ಜಾಸ್ತಿ ಚಿಂತೆ ಇರುವುದು ಎಳೆ ಮಕ್ಕಳದ್ದು. ನಾಫ್ತಲೀನ್ ಮೈಯೊಳಗೆ ಹೋದರೆ ಪಿತ್ತಜನಕಾಂಗ ಅದನ್ನು ನಾಫ್ತಾಲ್ ಮೊದಲಾದ ಬೇರೆ ವಸ್ತುಗಳಾಗಿ ಬದಲಿಸುತ್ತದೆ. ಇವು ಕೆಂಪು ರಕ್ತಕಣಗಳನ್ನು ಕೆಡಿಸುತ್ತವೆ. ಕಣದೊಳಗೆ ಗ್ಲುಟಾಥಯೋನ್ ಎಂಬ ಕಾವಲು ಇದೆ, ಆದರೆ ಖರ್ಚಾದ ಕಾವಲನ್ನು ಮತ್ತೆ ಸಜ್ಜು ಮಾಡಲು ಜಿ6ಪಿಡಿ ಎಂಬ ಕಿಣ್ವ ಬೇಕು. ಕೆಲವರಲ್ಲಿ ಹುಟ್ಟಿನಿಂದಲೇ ಅದು ಕಮ್ಮಿ, ಗಂಡುಮಕ್ಕಳಲ್ಲಿ ಹೆಚ್ಚಾಗಿ. ಮುಂಬೈಯ ಪಾರ್ಸಿಗಳಲ್ಲಿ ಈ ಕೊರತೆ ಜಾಸ್ತಿ ಎಂದು ಬಹಳ ಹಿಂದೆಯೇ ಗೊತ್ತಾಗಿದೆ. ಉಳಿದವರಲ್ಲಿ ಇಲ್ಲ ಅಂತೇನಲ್ಲ. ಗುಳಿಗೆ ಜೊತೆ ಇಟ್ಟಿದ್ದ ಬಟ್ಟೆ, ಹೊದಿಕೆಯಿಂದಲೇ ಇಂಥ ಹಸುಗೂಸುಗಳ ರಕ್ತಕಣ ಒಡೆದು ಕಾಮಾಲೆ ಏರಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಬಾಣಂತಿ ಕೋಣೆಯಲ್ಲಿ ಗುಳಿಗೆ ಬೇಡವೇ ಬೇಡ. ಮಿಠಾಯಿ ಅಂದುಕೊಂಡು ನುಂಗುವ ಮಕ್ಕಳ ವಿಚಾರ ಹೇಳಬೇಕಾಗಿಲ್ಲ ಅಲ್ವಾ?

ತಿಗಣೆಗೆ ನಿಜವಾಗಿ ಆಗದ್ದು ಬಿಸಿ. 50 ಡಿಗ್ರಿ ದಾಟಿದರೆ ಮೊಟ್ಟೆ ಸಮೇತ ನಿಮಿಷಗಳಲ್ಲಿ ಸಾಯುತ್ತವೆ. ಹಾಸಿಗೆಯನ್ನು ಸುಮ್ನೆ ಬಿಸಿಲಿಗೆ ಹಾಕಿದರೆ ಸಾಲದು, ಮೇಲ್ಮೈ ಕಾಯುತ್ತೆ, ಒಳಗೆ ಅಷ್ಟು ಬಿಸಿ ಏರಲ್ಲ. ಹೋಟೆಲಿನವರಿಗೆ ಕುದಿಯುವ ನೀರಿಗೆ ಬರವೇ? ಚಾದರ, ದಿಂಬಿನ ಕವರು ಅದರಲ್ಲಿ ಅದ್ದಿ. ಕಬ್ಬಿಣದ ಮಂಚ ಹೊರಗೆಳೆದು, ಪೈಪಿನ ಬಾಯಿಗೆ, ಬೋಲ್ಟಿನ ಸಂದಿಗೆ ಕೆಟಲಿನಿಂದ ನಿಧಾನವಾಗಿ ಸುರಿಯಿರಿ. ಹಾಸಿಗೆಯ ಹೊಲಿಗೆಗೆ ಸ್ಟೀಮರ್ ಹಿಡಿಯಬಹುದು. ಮುಂಬೈ ಸೆಖೆಗೆ ಮೊಟ್ಟೆ ಒಂದು ವಾರ, ಹತ್ತು ದಿನದಲ್ಲಿ ಒಡೆಯುತ್ತದೆ. ತಪ್ಪಿಸಿಕೊಂಡ ಮೊಟ್ಟೆಗಳ ಮರಿಗಳು ಹೊರಬರುವ ಹೊತ್ತಿಗೆ ಎರಡನೇ ಸುತ್ತು ಕುದಿನೀರು ಬೀಳಬೇಕು, ಮೇಲಿನ ಮಂಚಕ್ಕೂ, ಪಕ್ಕದವನ ಟ್ರಂಕಿನ ಅಂಚಿಗೂ.