ಸತ್ತ ಮೀನು ಹೇಳಿದ್ದು: ತುಂಗಭದ್ರೆಯ ಒಂದು ಹಳೇ ಜಗಳ

ಬೇಸಿಗೆಯಲ್ಲಿ ಹೊಳೆ ಬತ್ತಿದರೆ ದಂಡೆಯ ಹಳ್ಳಿಯವರು ಮರಳಿನಲ್ಲಿ ವರ್ತಿ ತೋಡುತ್ತಾರೆ. ಮೊಳದಷ್ಟು ಬಗೆದರೆ ನೀರು ಜಿನುಗುತ್ತದೆ. ಮೊದಲು ಬಂದ ರಾಡಿ ಚೆಲ್ಲಿ, ತಿಳಿಯಾಗುವ ತನಕ ಕಾದು, ಚೊಂಬಿನಲ್ಲಿ ಮೊಗೆದು ಕೊಡ ತುಂಬಿಸಬೇಕು. ಮರಳು ಮಣ್ಣನ್ನು ತಡೆಯುತ್ತದೆ. ನೀರಲ್ಲಿ ಕರಗಿದ ರಾಸಾಯನಿಕವನ್ನು ತಡೆಯಲ್ಲ.

ಹರಿಹರದ ಎದುರು ದಂಡೆ ಕುಮಾರಪಟ್ಟಣ. 1970ರ ದಶಕದಲ್ಲಿ ಅಲ್ಲಿ ಬಿರ್ಲಾ ಗುಂಪಿನ ಹರಿಹರ ಪಾಲಿಫೈಬರ್ಸ್ ಶುರುವಾಯಿತು. ನೀಲಗಿರಿ ಮರದಿಂದ ರೇಯಾನ್ ಬಟ್ಟೆಗೆ ಬೇಕಾದ ತಿರುಳು ತೆಗೆಯುವ ಕಾರ್ಖಾನೆ ಅದು.

ಇಂಥ ಕಡೆ ಮರದ ಚಕ್ಕೆಯನ್ನು ಕಾಸ್ಟಿಕ್ ಸೋಡಾ, ಗಂಧಕದ ರಾಸಾಯನಿಕ ಹಾಕಿ ಭಾರಿ ಕುಕ್ಕರಿನಂಥ ಪಾತ್ರೆಯಲ್ಲಿ ಬೇಯಿಸುತ್ತಾರೆ. ನಾರು ಉಳಿಯುತ್ತದೆ, ಮರದ ಅಂಟು ಡಿಕಾಕ್ಷನ್ ಥರ ಕಪ್ಪಗೆ ಇಳಿಯುತ್ತದೆ. ಅದರಲ್ಲಿ ಬಹುಪಾಲನ್ನು ಬಾಯ್ಲರಿನಲ್ಲಿ ಸುಡಬಹುದು. ನಾರು ತೊಳೆದ, ಬಿಳುಪು ಮಾಡಿದ ನೀರನ್ನು ಮಾತ್ರ ಹೊರಗೆ ಬಿಡಲೇಬೇಕು. ಸರಿಯಾಗಿ ಶುದ್ಧವಾಗದೆ ಹೊಳೆ ಸೇರಿದರೆ, ಅದನ್ನು ತಿನ್ನುವ ಸೂಕ್ಷ್ಮಜೀವಿಗಳೇ ನೀರಿನ ಆಮ್ಲಜನಕವನ್ನೂ ಖಾಲಿ ಮಾಡುತ್ತವೆ. ಮೀನಿಗೆ ಉಸಿರು ಕಟ್ಟುತ್ತದೆ. ಮಳೆಗಾಲದ ತುಂಬು ಹೊಳೆಯಲ್ಲಿ ಇದು ಗೊತ್ತೇ ಆಗಲ್ಲ. ಬೇಸಿಗೆಯಲ್ಲಿ ಬೆರೆಯೋಕೆ ನೀರೇ ಇರಲ್ಲ, ಅಲ್ವಾ?

1984ರಲ್ಲಿ ಕಾರ್ಖಾನೆಯ ಕೆಳಗಿನ ಹರಿವಿನಲ್ಲಿ ಮೀನು ರಾಶಿ ರಾಶಿ ಸತ್ತು ತೇಲಿದವು. ಕಾರ್ಖಾನೆ ನೀರೇ ಕಾರಣ ಅಂತ ಹಳ್ಳಿಯವರು ದೂರಿದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಅವರ ಜೊತೆ ನಿಂತಿತು. 1985ರ ಡಿಸೆಂಬರಿನಲ್ಲಿ ಜನ ಪ್ರತಿಭಟನೆಗೆ ಇಳಿದರು. ಮೀನು ಸಾಯದೇ ಇದ್ದಿದ್ದರೆ ಇಷ್ಟು ಗದ್ದಲ ಆಗುತ್ತಿತ್ತಾ ಅಂತ ನನಗೆ ಅನುಮಾನ. ಸತ್ತ ಮೀನನ್ನು ಬುಟ್ಟಿಯಲ್ಲಿ ತುಂಬಿ ತಂದು ತೋರಿಸಬಹುದು. ಮೈ ತುರಿಕೆ, ಹೊಟ್ಟೆನೋವು ಇದೇ ನೀರಿನಿಂದ ಬಂತು ಅಂತ ತೋರಿಸೋದು ಹೇಗೆ?

ಜಗಳ ಅಷ್ಟರಲ್ಲೇ ಹೊಳೆ ದಾಟಿ ಗೋಮಾಳಕ್ಕೂ ಹಬ್ಬಿತ್ತು. ಕಾರ್ಖಾನೆಗೆ ಮರ ಬೇಕಲ್ಲ! ಸುಮಾರು 30,000 ಹೆಕ್ಟೇರ್ ಜಾಗದಲ್ಲಿ ನೀಲಗಿರಿ ಬೆಳೆಯಲು ಸರ್ಕಾರವೂ ಕಂಪನಿಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅಂತ ಜಂಟಿ ಕಂಪನಿ ಮಾಡಿಕೊಂಡವು. ದನ ಮೇಯುವ, ಸೌದೆ ಆಯುವ ಜಾಗ ಅದು. ಇದರ ವಿರುದ್ಧ ಸಮುದಾಯದವರು, ಶಿವರಾಮ ಕಾರಂತರೂ ಸೇರಿ ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಸಸಿ ನೆಟ್ಟರು. ಅದೇ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ. 1991ರಲ್ಲಿ ಕರ್ನಾಟಕ ಪಲ್ಪ್‌ವುಡ್ ಮುಚ್ಚಿತು.

ತಿರುಳಿನ ಕಾರ್ಖಾನೆ ಅಲ್ಲೇ ಇದೆ. ಹಾವೇರಿ, ಗದಗಿನ ನಲ್ಲಿಗೆ ನೀರು ಎತ್ತುವುದು ಅದರ ಕೆಳಗಿನ ಹೊಳೆಯಿಂದಲೇ.