ಹೊರರಾಜ್ಯದ ಕಂಪನಿಯ ಮನೆ ಸಾಲ ಟೆಕ್ಸಸ್‌ನಲ್ಲಿ ನಿಲ್ಲುತ್ತದಾ?

ಓದುಗರ ಪ್ರಶ್ನೆ: ನಾವು ಆಸ್ಟಿನ್ ಹತ್ತಿರ ಮನೆ ತಗೊಂಡಿದ್ದೇವೆ. ಸಾಲ ಕೊಟ್ಟಿದ್ದು ಮಿಷಿಗನ್‌ನ ಒಂದು ಕಂಪನಿ. ಟೆಕ್ಸಸ್‌ನಲ್ಲಿ ಅದಕ್ಕೆ ಒಂದು ಆಫೀಸೂ ಇಲ್ಲ, ಮಾತುಕತೆಯೆಲ್ಲ ಫೋನಿನಲ್ಲೇ ಆಯಿತು. "ಇಲ್ಲಿ ನೋಂದಣಿ ಮಾಡಿಸದ ಹೊರಗಿನ ಕಂಪನಿ ಮನೆ ಮೇಲೆ ಸಾಲ ಕೊಡುವ ಹಾಗಿಲ್ಲ, ಕೋರ್ಟಿಗೆ ಹೋದರೆ ಅಡಮಾನವೇ ಬಿದ್ದುಹೋಗುತ್ತೆ" ಅಂತ ಗೆಳೆಯರೊಬ್ಬರು ಹೇಳುತ್ತಾರೆ. ನಿಜವಾ?

ಉತ್ತರ: ಇಲ್ಲ. ಆ ಮಾತು ನಂಬಿ ಕಂತು ನಿಲ್ಲಿಸಬೇಡಿ.

ಆದರೆ ನಿಮ್ಮ ಗೆಳೆಯರು ಇದನ್ನು ಸುಮ್ನೆ ಕಟ್ಟಿ ಹೇಳಿದ್ದಲ್ಲ. ಇದೇ ವಾದವನ್ನು ಹೆಚ್ಚುಕಡಿಮೆ 190 ವರ್ಷದ ಹಿಂದೆ ಒಬ್ಬರು ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಒಯ್ದಿದ್ದರು. ಅಲಬಾಮಾದ ಮೊಬೈಲ್ ಎಂಬ ಊರಿನಲ್ಲಿ ಅರ್ಲ್ ಅನ್ನುವ ವ್ಯಾಪಾರಿ ಹುಂಡಿಗೆ, ಅಂದರೆ ಇಷ್ಟು ಹಣ ಕೊಡಬೇಕು ಎನ್ನುವ ವ್ಯಾಪಾರದ ಪತ್ರಕ್ಕೆ, ಸಹಿ ಹಾಕಿದ್ದ. ಅದನ್ನು ಕೊಂಡಿದ್ದು ಪಕ್ಕದ ಜಾರ್ಜಿಯಾದ ಬ್ಯಾಂಕು. ದುಡ್ಡು ಕೇಳಿದಾಗ ಅರ್ಲ್, "ನೀವು ಜಾರ್ಜಿಯಾದಲ್ಲಿ ಹುಟ್ಟಿದ ಕಂಪನಿ, ಅಲಬಾಮಾದಲ್ಲಿ ವ್ಯವಹಾರ ಮಾಡೋಕೆ ನಿಮಗೆ ಹಕ್ಕೇ ಇಲ್ಲ" ಅಂದ. ಕೆಳಗಿನ ಕೋರ್ಟಿನಲ್ಲಿ ಗೆದ್ದೂಬಿಟ್ಟ! 1839ರಲ್ಲಿ ಮುಖ್ಯ ನ್ಯಾಯಮೂರ್ತಿ ಟೇನಿ ಅದನ್ನು ತಿರುಗಿಸಿದರು. ಕಂಪನಿಯ ಮನೆ ಅದು ಹುಟ್ಟಿದ ರಾಜ್ಯವೇ ಸರಿ, ಆದರೆ ಪಕ್ಕದ ರಾಜ್ಯ ಬೇಡ ಅನ್ನದೆ ಇದ್ದರೆ ಅಲ್ಲೂ ಕರಾರು ಮಾಡಬಹುದು ಅಂತ ತೀರ್ಪು ಕೊಟ್ಟರು.

ಹಾಗಾಗಿ ಕೇಳಬೇಕಾದ್ದು ಇಷ್ಟು: ಟೆಕ್ಸಸ್ ಬೇಡ ಅಂದಿದೆಯಾ?

ಅದಕ್ಕೆ ಮುಂಚೆ ಒಂದು ಪದದ ತಮಾಷೆ. ಇಲ್ಲಿನ ಕಾನೂನಿನಲ್ಲಿ ಬೇರೆ ರಾಜ್ಯದ ಕಂಪನಿಗೆ 'ಫಾರಿನ್ ಕಾರ್ಪೊರೇಶನ್' ಅನ್ನುತ್ತಾರೆ. ಮಿಷಿಗನ್ ಕಂಪನಿ ಟೆಕ್ಸಸ್‌ಗೆ ಫಾರಿನ್. ನಿಜವಾಗಿಯೂ ಹೊರದೇಶದ, ನಮ್ಮ ಬೆಂಗಳೂರಿನದ್ದೇ ಆಗಲಿ, ಅಂಥ ಕಂಪನಿಗೆ ಹಳೆಯ ಪುಸ್ತಕಗಳಲ್ಲಿ 'ಏಲಿಯನ್' ಅನ್ನುವ ಹೆಸರು. ಭಾರತದಿಂದ ಬಂದ ನಮಗೆ ಇದು ವಿಚಿತ್ರ. ಅಲ್ಲಿ ಕಂಪನಿ ಕಾಯ್ದೆ ಇಡೀ ದೇಶಕ್ಕೆ ಒಂದೇ, ಚೆನ್ನೈನ ಫೈನಾನ್ಸ್ ಕಂಪನಿ ಮೈಸೂರಿನಲ್ಲಿ ಫಾರಿನ್ ಆಗುವುದಿಲ್ಲ.

ಫಾರಿನ್ ಕಂಪನಿ ಟೆಕ್ಸಸ್‌ನಲ್ಲಿ 'ವ್ಯವಹಾರ ನಡೆಸಬೇಕಾದರೆ' ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ (ಕಂಪನಿಗಳ ದಾಖಲೆ ಇಡುವ ಅಧಿಕಾರಿ) ಹತ್ತಿರ ನೋಂದಾಯಿಸಬೇಕು. ನಿಮ್ಮ ಗೆಳೆಯರು ಇಲ್ಲಿಯವರೆಗೆ ಓದಿದ್ದಾರೆ, ಅಷ್ಟೆ. ಯಾವುದು 'ವ್ಯವಹಾರ ನಡೆಸುವುದು' ಅಲ್ಲ ಎಂಬುದಕ್ಕೂ ಒಂದು ಪಟ್ಟಿ ಇದೆ. ಟೆಕ್ಸಸ್‌ನ ಬಿಸಿನೆಸ್ ಆರ್ಗನೈಸೇಶನ್ಸ್ ಕೋಡಿನ ಸೆಕ್ಷನ್ 9.251 ತೆಗೆದು ನೋಡಿ. ಸಾಲ ಕೊಡುವುದು, ಆಸ್ತಿ ಅಡ ಇಟ್ಟುಕೊಳ್ಳುವುದು, ಬಾಕಿ ವಸೂಲಿ ಮಾಡುವುದು ಎಲ್ಲವೂ ಆ ಪಟ್ಟಿಯಲ್ಲಿವೆ. ಅಂದರೆ ಬರೀ ಇಷ್ಟು ಮಾಡುವ ಕಂಪನಿಗೆ ಆ ನೋಂದಣಿಯೇ ಬೇಕಿಲ್ಲ. ಬೇರೆ ಬಹಳಷ್ಟು ರಾಜ್ಯಗಳಲ್ಲೂ ಇಂಥದೇ ಪಟ್ಟಿ ಇದೆ. ಕಾರಣ ಸರಳ. ಹೊರಗಿನ ದುಡ್ಡು ಬರದಿದ್ದರೆ ಇಲ್ಲಿ ಮನೆ ಕೊಳ್ಳುವವರಿಗೇ ಕಷ್ಟ.

ಸರಿ, ನೋಂದಣಿ ಬೇಕಾಗಿತ್ತು, ಮಾಡಿಸಲಿಲ್ಲ ಅಂತಲೇ ಇಟ್ಟುಕೊಳ್ಳೋಣ. ಆಗಲೂ ಕರಾರು ರದ್ದಾಗುವುದಿಲ್ಲ ಅಂತ ಸೆಕ್ಷನ್ 9.051 ಬಿಡಿಸಿ ಹೇಳಿದೆ. ನೋಂದಾಯಿಸುವ ತನಕ ಆ ಕಂಪನಿ ಟೆಕ್ಸಸ್ ಕೋರ್ಟಿನಲ್ಲಿ ದಾವೆ ನಡೆಸುವ ಹಾಗಿಲ್ಲ, ಮುಖ್ಯ ಶಿಕ್ಷೆ ಅದೇ. ಬಾಕಿ ಶುಲ್ಕ, ದಂಡ ಕಟ್ಟಿ ನೋಂದಾಯಿಸಿದರೆ ಬಾಗಿಲು ತೆರೆಯುತ್ತದೆ.

ಇನ್ನೊಂದು ವಿಷಯ. ಮನೆ ಕೊಳ್ಳಲು ತೆಗೆದ ಸಾಲಕ್ಕೆ ಟೆಕ್ಸಸ್‌ನಲ್ಲಿ ಸಾಮಾನ್ಯವಾಗಿ 'ಡೀಡ್ ಆಫ್ ಟ್ರಸ್ಟ್' ಬರೆಸುತ್ತಾರೆ. ಅದರಲ್ಲಿ, ಕಂತು ತಪ್ಪಿದರೆ ಮನೆ ಮಾರುವ ಅಧಿಕಾರ ಮೊದಲೇ ಕೊಟ್ಟಿರುತ್ತೀರಿ. ಸಾಲ ಕೊಟ್ಟವರು ಕೋರ್ಟಿಗೆ ಹೋಗಬೇಕಾಗಿಯೇ ಇಲ್ಲ! ಹೋಗದ ಕೋರ್ಟಿನ ಬಾಗಿಲು ಮುಚ್ಚಿದ್ದರೆ ಏನಾಯಿತು? ಹಾಗಂತ ಮನೆಯನ್ನು ತಕ್ಷಣ ಹರಾಜಿಗೆ ಹಾಕುವಂತಿಲ್ಲ, ಫೆಡರಲ್ ನಿಯಮದ ಪ್ರಕಾರ ಮೊದಲು ಬಾಕಿ 120 ದಿನ ದಾಟಬೇಕು. ಸರಿಪಡಿಸಿಕೊಳ್ಳಲು ಕನಿಷ್ಠ 20 ದಿನದ ನೋಟಿಸ್, ಆಮೇಲೆ ಹರಾಜಿಗೆ ಕನಿಷ್ಠ 21 ದಿನ ಮೊದಲು ಇನ್ನೊಂದು ನೋಟಿಸ್ ಬರಬೇಕು. ಹರಾಜು ನಡೆಯುವುದು ತಿಂಗಳ ಮೊದಲ ಮಂಗಳವಾರ, ಬೆಳಗ್ಗೆ 10ರಿಂದ ಸಂಜೆ 4ರ ಒಳಗೆ, ಕೌಂಟಿಯಲ್ಲಿ ಗೊತ್ತು ಮಾಡಿದ ಜಾಗದಲ್ಲಿ. ಕಂಪನಿ ಮಿಷಿಗನ್ನಿನದೇ ಆಗಲಿ, ಹರಾಜಿಗೆ ಟೆಕ್ಸಸ್ ನಿಯಮವೇ. ನೆಲ ಎಲ್ಲಿದೆಯೋ ಅಲ್ಲಿನ ಕಾನೂನು. ಇದೇ ಮನೆ ನ್ಯೂಜೆರ್ಸಿಯಲ್ಲಿದ್ದಿದ್ದರೆ ಕೋರ್ಟಿನ ಮೂಲಕವೇ ಬರಬೇಕಿತ್ತು.

ಇಷ್ಟೆಲ್ಲ ಹೇಳಿದ್ದು ಕಂಪನಿ ನೋಂದಣಿಯ ಬಗ್ಗೆ. ಸಾಲ ಕೊಡುವ ಲೈಸೆನ್ಸ್ ಬೇರೆ ಮಾತು. ಜನ ಇವೆರಡನ್ನೂ ಸೇರಿಸಿ ಗೊಂದಲ ಮಾಡಿಕೊಳ್ಳುತ್ತಾರೆ. ಬ್ಯಾಂಕ್ ಅಲ್ಲದ ಕಂಪನಿ ಟೆಕ್ಸಸ್‌ನಲ್ಲಿ ಮನೆ ಸಾಲ ಕೊಡಬೇಕಾದರೆ ರಾಜ್ಯದ ಇಲಾಖೆಯ ಅನುಮತಿ ಬೇಕು. ಸಾಲ ಮಾಡಿಸಿಕೊಡುವ ವ್ಯಕ್ತಿಗೆ 2008ರ ಸೇಫ್ ಕಾಯ್ದೆಯಂತೆ ತನ್ನದೇ ಲೈಸೆನ್ಸ್ ಇರಬೇಕು. ನ್ಯಾಷನಲ್ ಬ್ಯಾಂಕುಗಳ ದಾರಿ ಬೇರೆ, ಅವುಗಳ ಮೇಲೆ ಕಣ್ಣಿಡುವುದು ಫೆಡರಲ್ ಸರ್ಕಾರ.

ಹೊರಗಿನವರು ಪೂರ್ತಿ ದುಡ್ಡು ಕಳೆದುಕೊಳ್ಳಬಹುದಾದ ಒಂದು ಜಾಗ ಮಾತ್ರ ಇದೆ. ಇದನ್ನು ನಮ್ಮವರು ಚೆನ್ನಾಗಿ ತಿಳಿದಿರಬೇಕು. ಅದು ಹೋಮ್ ಇಕ್ವಿಟಿ ಸಾಲ, ಅಂದರೆ ಇರುವ ಮನೆಯ ಮೇಲೆ ಕೈಗೆ ಹಣ ಪಡೆಯುವುದು. ವಾಸದ ಮನೆಯನ್ನು ಸಾಲ ಕೊಟ್ಟವರಿಂದ ಕಾಪಾಡುವ ವಿಷಯದಲ್ಲಿ ಟೆಕ್ಸಸ್‌ಗೆ ಹಳೆಯ ಹಟ. ಅದಿನ್ನೂ ಸ್ವತಂತ್ರ ದೇಶವಾಗಿದ್ದ 1839ರಲ್ಲೇ ಅಂಥ ಕಾನೂನು ಮಾಡಿತ್ತು. ಹೋಮ್ ಇಕ್ವಿಟಿ ಸಾಲಕ್ಕೆ ದಾರಿ ಬಿಟ್ಟಿದ್ದು 1998ರಿಂದ. ಅದೂ ರಾಜ್ಯದ ಸಂವಿಧಾನದಲ್ಲೇ ಷರತ್ತು ಬರೆದು. ಮನೆಯ ಮೇಲಿನ ಎಲ್ಲ ಸಾಲ ಸೇರಿ ಬೆಲೆಯ 80% ದಾಟಬಾರದು. ಅರ್ಜಿ ಹಾಕಿ 12 ದಿನ ಕಳೆಯದೆ ಸಹಿ ಆಗಬಾರದು. ಸಹಿ ಹಾಕುವುದು ಸಾಲ ಕೊಟ್ಟವರ, ವಕೀಲರ ಅಥವಾ ಟೈಟಲ್ ಕಂಪನಿಯ (ಆಸ್ತಿಯ ಹಕ್ಕುಪತ್ರ ಪರಿಶೀಲಿಸುವ ಕಂಪನಿ) ಆಫೀಸಿನಲ್ಲೇ, ಅಡುಗೆಮನೆ ಮೇಜಿನ ಮೇಲಲ್ಲ. ಯಾರು ಕೊಡಬಹುದು ಎನ್ನುವುದಕ್ಕೂ ಪಟ್ಟಿ ಇದೆ: ಬ್ಯಾಂಕು, ಲೈಸೆನ್ಸ್ ಇರುವ ಕಂಪನಿ, ಹತ್ತಿರದ ರಕ್ತಸಂಬಂಧಿ ಅಥವಾ ಬೀಗರು, ಹೀಗೆ. ಆ ಪಟ್ಟಿಯಲ್ಲಿ ಇಲ್ಲದವರು ಕೊಟ್ಟರೆ ಅಸಲು, ಬಡ್ಡಿ ಎರಡೂ ಹೋಯಿತು.

ಗೆಳೆಯರೊಬ್ಬರು ಡೆಲವೇರ್‌ನಲ್ಲಿ ಎಲ್‌ಎಲ್‌ಸಿ (ಒಂದು ಬಗೆಯ ಕಂಪನಿ) ಮಾಡಿಕೊಂಡು, ಪರಿಚಯದವರ ಮನೆ ಮೇಲೆ ಬಡ್ಡಿಗೆ ಕೊಡೋಣ ಅಂತ ಹೊರಟರೆ ಬಲೆಗೆ ಬೀಳುವುದು ಅವರೇ. ಪಾಟ್‌ಲಕ್ ಊಟದಲ್ಲಿ ಶುರುವಾಗುವ ಇಂಥ ವ್ಯವಹಾರಕ್ಕೆ ಕೈ ಹಾಕುವ ಮೊದಲು ವಕೀಲರಿಗೆ ಒಂದು ಗಂಟೆಯ ಫೀಸು ಕೊಡುವುದು ಜಾಸ್ತಿ ಏನಲ್ಲ.

ನಿಮ್ಮ ವಿಷಯಕ್ಕೆ ಬಂದರೆ, ಸಾಲದ ನೋಟ್‌ನಲ್ಲಿ ಸಾಲ ಮಾಡಿಸಿಕೊಟ್ಟವರ ಹೆಸರಿನ ಪಕ್ಕ ಎನ್‌ಎಂಎಲ್‌ಎಸ್ (ಮನೆ ಸಾಲದವರ ಲೈಸೆನ್ಸ್ ದಾಖಲಿಸುವ ದೇಶವ್ಯಾಪಿ ವ್ಯವಸ್ಥೆ) ಸಂಖ್ಯೆ ಇರುತ್ತದೆ. 'ಎನ್‌ಎಂಎಲ್‌ಎಸ್ ಕನ್ಸ್ಯೂಮರ್ ಆಕ್ಸೆಸ್' ತಾಣದಲ್ಲಿ ಅದನ್ನು ಹಾಕಿ ನೋಡಿ, ದುಡ್ಡು ಕೊಡಬೇಕಿಲ್ಲ. ಟೆಕ್ಸಸ್ ಹೆಸರಿನ ಮುಂದೆ ಲೈಸೆನ್ಸ್ ಇದ್ದರೆ ಆ ಪುಟವನ್ನೇ ನಿಮ್ಮ ಗೆಳೆಯರಿಗೆ ಕಳಿಸಿ.